ಅಟ್ಟದಿಂದ ಇಳಿದ ಸಾಮಾನು

ಲೋಕದಲ್ಲಿ ಜನ ಎರಡು ಬಗೆ: ಎಸೆಯುವವರು, ಎತ್ತಿಡುವವರು. ಎಸೆಯುವವರ ಮನೆ ಚೊಕ್ಕಟವಾಗಿರುತ್ತದೆ; ಬೇಕಾದ ವಸ್ತು ಮಾತ್ರ ಸಿಕ್ಕುವುದಿಲ್ಲ. ಎತ್ತಿಡುವವರ ಮನೆಯಲ್ಲಿ ಎಲ್ಲವೂ ಉಂಟು. ಆದರೆ ಅದು ಎಲ್ಲಿದೆಯೆಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ವಿಧಿಯ ತಮಾಷೆಯೆಂದರೆ, ಈ ಎರಡು ಬಗೆಯವರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಮದುವೆಯಾಗುತ್ತಾರೆ. ನಮ್ಮ ಮನೆಯಲ್ಲಿ ಎತ್ತಿಡುವವನು ನಾನು. ಎಸೆಯುವವರು ಯಾರೆಂದು ಹೇಳುವುದು ಕ್ಷೇಮವಲ್ಲ. ಅವರು ಈ ಪುರವಣಿಯನ್ನು ನನಗಿಂತ ಮೊದಲು ಓದುತ್ತಾರೆ.

ನಾನು ಎತ್ತಿಡುವುದು ಒಂದು ಕಾಲದ ಸಾಮಾನು. ಸುಮಾರು 1950ರಿಂದ 1970ರವರೆಗೆ ನಮ್ಮ ಊರುಗಳ ಸಾಧಾರಣ ಮನೆಗಳ ಪಡಸಾಲೆಯಲ್ಲಿ ಕೂತಿದ್ದ, ನಿಂತಿದ್ದ, ಗೋಡೆಗೆ ತೂಗುತ್ತಿದ್ದ ವಸ್ತುಗಳು. ವಾಲ್ವ್ ರೇಡಿಯೋ, ಕೀಲಿ ಕೊಡುವ ಗಡಿಯಾರ, ಹಿತ್ತಾಳೆಯ ಹೂದಾನಿ, ಚನ್ನಪಟ್ಟಣದ ಕುಂಕುಮದ ಭರಣಿ, ನೀಲಿ ಅಂಚಿನ ಎನಾಮಲ್ ತಟ್ಟೆ, ಗಾಜಿನ ಮಣಿಗಳಲ್ಲಿ ಹೆಣೆದ ಜಿಂಕೆ, ಕಸೂತಿ ಹಾಕಿ ಕಟ್ಟು ಹಾಕಿಸಿದ ‘ಸುಸ್ವಾಗತ’, ಬೇಕಲೈಟಿನ ಕರಿಯ ಗುಂಡು ಸ್ವಿಚ್ಚು. ರಾಜರ ಕತ್ತಿ, ಹೊಯ್ಸಳರ ವಿಗ್ರಹ ನನ್ನ ಮನೆಯಲ್ಲಿಲ್ಲ. ಅವಕ್ಕೆ ಬೇಕಾದ ಹಣ ಅಧ್ಯಾಪಕನಲ್ಲಿ ಇರುವುದಿಲ್ಲ, ಕಾನೂನೂ ಬಿಡುವುದಿಲ್ಲ. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ಒಂದು ವಸ್ತು ‘ಪ್ರಾಚ್ಯ’ ಎನ್ನಿಸಿಕೊಳ್ಳಬೇಕಾದರೆ ಅದಕ್ಕೆ 100 ವರ್ಷವಾದರೂ ತುಂಬಿರಬೇಕು. ಹಸ್ತಪ್ರತಿಗಳಿಗೆ ಮಾತ್ರ ರಿಯಾಯಿತಿ, 75 ಸಾಕು. ನನ್ನ ಸಾಮಾನು ಸರ್ಕಾರ ಕಣ್ಣೆತ್ತಿ ನೋಡುವಷ್ಟು ಹಳೆಯದಲ್ಲ. ನೆಂಟರು ಕಣ್ಣೆತ್ತಿ ನೋಡುವಷ್ಟು ಹೊಸದೂ ಅಲ್ಲ. ಅತ್ತ ಅಜ್ಜಿಯೂ ಅಲ್ಲದ ಇತ್ತ ಸೊಸೆಯೂ ಅಲ್ಲದ ನಡುವಯಸ್ಸಿನ ಅತ್ತೆಯ ಸ್ಥಿತಿ ಅವುಗಳದು.

ಇವನ್ನೆಲ್ಲ ಒಟ್ಟಾಗಿ ಏನೆಂದು ಕರೆಯಬೇಕು? ಕನ್ನಡದ ಮೇಷ್ಟ್ರಿಗೇ ಈ ಪ್ರಶ್ನೆಗೆ ಉತ್ತರವಿಲ್ಲ. ‘ಗೃಹಾಲಂಕಾರ’ ಎಂಬ ಮಾತು ಮಾಸಪತ್ರಿಕೆಗಳ ಮಹಿಳಾ ವಿಭಾಗದಲ್ಲಿ ಇತ್ತೇ ಹೊರತು ಮನೆಯವರ ಬಾಯಲ್ಲಿ ಇರಲಿಲ್ಲ. ನಮ್ಮಲ್ಲಿ ಅಲಂಕಾರವೆಂದರೆ ದೇವರಿಗೆ, ಮದುವಣಗಿತ್ತಿಗೆ, ಬಿಟ್ಟರೆ ಕಾವ್ಯಕ್ಕೆ. ಮನೆಗೆ ಬೇಕಾದದ್ದು ಸುಣ್ಣ, ಸಾರಣೆ, ರಂಗವಲ್ಲಿ, ಮಾವಿನ ತೋರಣ. ಇವು ಯಾವುವೂ ಉಳಿಯುವಂಥವಲ್ಲ. ಬಾಡಿದಾಗ, ಅಳಿಸಿದಾಗ, ಮಾಸಿದಾಗ ಮತ್ತೆ ಮಾಡುವಂಥವು. ಚೆಲುವನ್ನು ಕೊಂಡು ತಂದು ಗಾಜಿನ ಹಿಂದೆ ಇಟ್ಟು ಬೀಗ ಹಾಕುವ ಪದ್ಧತಿ ಬಂದದ್ದು ಷೋಕೇಸಿನ ಜೊತೆಯಲ್ಲಿ.

ಆ ಷೋಕೇಸನ್ನು ನೀವೂ ನೋಡಿರುತ್ತೀರಿ. ಗೋಡೆಯಲ್ಲೇ ಕೊರೆದ ಗೂಡಿಗೆ ಜಾರುವ ಗಾಜಿನ ಬಾಗಿಲು. ಅಥವಾ ಕಾಲುಳ್ಳ ಸಣ್ಣ ಬೀರು. ಒಳಗೆ ಮೇಲಿನ ಹಲಗೆಯ ಮೇಲೆ ಅರಗಿನ ಮುದ್ರೆ ಒಡೆಯದ ಕಾಶಿಯ ಗಂಗಾಥಾಲಿ, ಅದರ ಪಕ್ಕದಲ್ಲಿ ಆಗ್ರಾದಿಂದ ಬಂದ ತಾಜಮಹಲು. ಎರಡು ಧರ್ಮಗಳ ನಡುವೆ ಅಲ್ಲಿ ಯಾವ ಜಗಳವೂ ಇರುತ್ತಿರಲಿಲ್ಲ. ಕೆಳಗೆ ಕಪ್ಪೆಚಿಪ್ಪು ಅಂಟಿಸಿ ಮಾಡಿದ ರಾಮೇಶ್ವರದ ಗೊಂಬೆ, ಮೈಸೂರಿನ ಗಂಧದ ಆನೆ, ಮನೆಯ ಹುಡುಗ ಓಟದಲ್ಲಿ ಗೆದ್ದ ಕಪ್ಪು, ಹಬ್ಬಕ್ಕೊಮ್ಮೆ ಸೋಪಿನ ನೀರಿನಲ್ಲಿ ಸ್ನಾನ ಮಾಡುವ ಪ್ಲಾಸ್ಟಿಕ್ ಹೂವು. ಇವುಗಳಲ್ಲಿ ಯಾವುದೂ ಚೆಂದಕ್ಕೆಂದು ಮಾತ್ರ ಬಂದದ್ದಲ್ಲ. ಯಾರೋ ಯಾತ್ರೆಗೆ ಹೋಗಿದ್ದರು, ಯಾರೋ ಗೆದ್ದಿದ್ದರು, ಯಾರಿಗೋ ಮದುವೆಯಾಗಿತ್ತು. ಷೋಕೇಸು ಆ ಮನೆಯ ಆತ್ಮಚರಿತ್ರೆ. ಬರೆಯಲು ಬಾರದವರೂ ಬರೆದ ಆತ್ಮಚರಿತ್ರೆ.

ಅದನ್ನು ಹಾಳೆ ಹಾಳೆಯಾಗಿ ಕಿತ್ತು ಬೀದಿಗೆ ಹಾಕಿದವರು ಕೆಟ್ಟವರೇನಲ್ಲ. ಹಳೆಯ ಮನೆ ಒಡೆದು ಅಪಾರ್ಟ್‌ಮೆಂಟು ಏಳುತ್ತದೆ. ಅದರಲ್ಲಿ ಮೂರು ಕೋಣೆ, ಎರಡು ಬಚ್ಚಲು, ಒಂದು ಬಾಲ್ಕನಿ. ಅಟ್ಟ ಮಾತ್ರ ಇರುವುದಿಲ್ಲ. ಅಟ್ಟವೆಂಬುದು ನಮ್ಮ ಮನೆಗಳ ದೊಡ್ಡ ಉಪಕಾರಿ. ಬೇಕೋ ಬೇಡವೋ ಎಂದು ತೀರ್ಮಾನಿಸಲಾರದ ವಸ್ತುಗಳಿಗೆಲ್ಲ ಅದು ಕಾಲಾವಕಾಶ ಕೊಡುತ್ತಿತ್ತು. ನ್ಯಾಯಾಲಯದಂತೆ ಮುಂದಿನ ತಲೆಮಾರಿಗೆ ವಾಯಿದೆ ಹಾಕುತ್ತಿತ್ತು. ಅಟ್ಟ ಹೋದ ಕೂಡಲೇ ಎಲ್ಲ ವ್ಯಾಜ್ಯಗಳೂ ಒಂದೇ ದಿನ ತೀರ್ಮಾನವಾಗಬೇಕಾಯಿತು. ತೀರ್ಪು ಗುಜರಿಯವನ ತಕ್ಕಡಿಯಲ್ಲಿ ಆಯಿತು.

ನನ್ನ ಸಾಮಾನಿನಲ್ಲಿ ಹೆಚ್ಚಿನದು ಸಿಕ್ಕಿದ್ದು ಗುಜರಿ ಅಂಗಡಿಗಳಲ್ಲಿ, ಬೆಂಗಳೂರಿನ ಚಿಕ್ಕಪೇಟೆಯ ಬಳಿ ಭಾನುವಾರ ಬೆಳಿಗ್ಗೆ ನೆಲದ ಮೇಲೆ ಹರಡಿಕೊಂಡು ಮಾರುವವರ ಬಳಿ. ಅಲ್ಲಿ ಓಡಾಡಿ ಓಡಾಡಿ ನಾನು ಒಂದು ವಿಚಿತ್ರವನ್ನು ಕಂಡುಕೊಂಡೆ. ಬೆಲೆಯುಳ್ಳದ್ದು ಉಳಿಯುವುದಿಲ್ಲ. ಹಿತ್ತಾಳೆ, ತಾಮ್ರ, ಕಂಚು ಬಂದರೆ ಅದಕ್ಕೆ ಕಿಲೋಗೆ ಇಷ್ಟೆಂದು ದರವುಂಟು. ಆ ದಿನವೋ ಆ ವಾರವೋ ಮೂಸೆಗೆ ಹೋಗುತ್ತದೆ. ಮೂರು ತಲೆಮಾರು ನೀರು ಕಾಯಿಸಿದ ಹಂಡೆ, ಬಾಣಂತಿಗೆ ಎರೆದ ಕೊಳಗ, ತುಳಸಿಯ ಮುಂದಿನ ದೀಪ, ಎಲ್ಲವೂ ಕರಗಿ ನಲ್ಲಿಯ ತಿರುಪಾಗುತ್ತವೆ. ಹಳೆಯ ಜರತಾರಿ ಸೀರೆಯ ಗತಿಯೂ ಅದೇ: ಜರಿಯಲ್ಲಿನ ಬೆಳ್ಳಿಗಾಗಿ ಸೀರೆಯನ್ನು ಸುಡುತ್ತಾರೆ. ಉಳಿಯುವುದು ಯಾವುದೆಂದರೆ, ಯಾರಿಗೂ ಬೇಡವಾದದ್ದು.

ಬೇಕಲೈಟನ್ನು ನೋಡಿ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ಅಮೆರಿಕದಲ್ಲಿ ಕಂಡುಹಿಡಿದ ವಸ್ತು ಅದು; ಫೀನಾಲ್, ಫಾರ್ಮಾಲ್ಡಿಹೈಡ್ ಎಂಬ ಎರಡು ರಾಸಾಯನಿಕಗಳನ್ನು ಕೂಡಿಸಿ ಶಾಖ, ಒತ್ತಡಗಳಲ್ಲಿ ಅಚ್ಚು ಹಾಕಿದ್ದು. ಒಮ್ಮೆ ಗಟ್ಟಿಯಾಯಿತೆಂದರೆ ಆಯಿತು. ಇಂದಿನ ಬಕೆಟ್ಟಿನಂತೆ ಅದನ್ನು ಮತ್ತೆ ಕರಗಿಸಲು ಬಾರದು. ಬೆಂಕಿಗಿಟ್ಟರೆ ಕರಿಯುತ್ತದೆ, ಕರಗುವುದಿಲ್ಲ. ಆದ್ದರಿಂದ ಗುಜರಿಯವನು ರೇಡಿಯೋದೊಳಗಿನ ತಾಮ್ರದ ಸುರುಳಿಯನ್ನು ಕಿತ್ತುಕೊಂಡು ಬೇಕಲೈಟಿನ ಚಿಪ್ಪನ್ನು ಮೂಲೆಗೆ ಒಗೆಯುತ್ತಾನೆ. ಹೃದಯ ಹೋಗುತ್ತದೆ, ಮುಖ ಉಳಿಯುತ್ತದೆ. ನನಗೆ ಬೇಕಾದದ್ದು ಮುಖವೇ ಆದ್ದರಿಂದ ಚೌಕಾಸಿ ಬೇಗ ಮುಗಿಯುತ್ತದೆ. “ಇದನ್ನ ತಗೊಂಡು ಏನ್ಮಾಡ್ತೀರ ಸಾರ್?” ಎಂದು ಒಬ್ಬಾತ ಪ್ರತಿಸಲವೂ ಕೇಳುತ್ತಾನೆ. ವ್ಯಾಪಾರಿಯ ಕುತೂಹಲವಲ್ಲ ಅದು, ವೈದ್ಯನ ಕಾಳಜಿ.

ನನ್ನ ಬಳಿ ಇರುವ ರೇಡಿಯೋಗಳಲ್ಲಿ ಒಂದಕ್ಕೆ ಮಾತ್ರ ಜೀವ ಉಳಿದಿತ್ತು. ಸದರ್ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗಕ್ಕಾಗಿ ಅಲೆದು, ವಾಲ್ವುಗಳ ಕೆಲಸ ಬಲ್ಲ ವೃದ್ಧರೊಬ್ಬರ ಕೈಯಲ್ಲಿ ಅದನ್ನು ರಿಪೇರಿ ಮಾಡಿಸಿದೆ. ಗುಂಡಿ ತಿರುಗಿಸಿದರೆ ಅದು ತಕ್ಷಣ ಮಾತನಾಡುವುದಿಲ್ಲ. ಒಳಗಿನ ತಂತಿಗಳು ಕಾಯಬೇಕು. ಅಷ್ಟು ಹೊತ್ತು ನಾವೂ ಕಾಯಬೇಕು. ಆಮೇಲೆ ಗಾಜಿನ ಫಲಕ ಮೆಲ್ಲನೆ ಬೆಳಗುತ್ತದೆ. ಹಸುರು ಕಣ್ಣೊಂದು ತೆರೆಯುತ್ತದೆ. ಸ್ಟೇಷನ್ನು ಸರಿಯಾಗಿ ಸಿಕ್ಕಿದಾಗ ಅದರ ನೆರಳು ಕಿರಿದಾಗಿ ಕಣ್ಣು ಅರೆಮುಚ್ಚಿದಂತೆ ಕಾಣುವುದು, ಸಂಗೀತ ಹಿಡಿಸಿದವರ ಕಣ್ಣಿನಂತೆ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಛೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸು ಮಾಡಿಸಬೇಕಾಗಿದ್ದ ಕಾಲ ಅದು. ಆ ಪದ್ಧತಿ 1980ರ ದಶಕದಲ್ಲಿ ನಿಂತಿತು. ‘ಆಕಾಶವಾಣಿ’ ಎಂಬ ಹೆಸರಿಗಂತೂ ನಮ್ಮ ಮೈಸೂರಿನ ನಂಟೇ ಉಂಟು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದರು. ಆ ಕೇಂದ್ರ ಹೊತ್ತ ಹೆಸರನ್ನು ಮುಂದೆ ದೇಶವೇ ಹೊತ್ತುಕೊಂಡಿತು. ಇದನ್ನು ತರಗತಿಯಲ್ಲಿ ಹೇಳಿದಾಗ ನನ್ನ ವಿದ್ಯಾರ್ಥಿಗಳು ನಂಬಿದರು. ರೇಡಿಯೋಗೆ ಲೈಸೆನ್ಸು ಬೇಕಾಗಿತ್ತೆಂದಾಗ ನಂಬಲಿಲ್ಲ.

ಹಿತ್ತಾಳೆ ಉಳಿಯುವುದಿಲ್ಲ ಎಂದೆ. ಆದರೆ ಆಗೊಮ್ಮೆ ಈಗೊಮ್ಮೆ ಮೂಸೆಗೆ ಹೋಗುವ ಮುಂಚೆ ನನ್ನ ಕೈಗೆ ಒಂದೆರಡು ಸಿಕ್ಕಿವೆ. ಅವನ್ನು ನಾನು ಕೊಳ್ಳುವುದು ಲೋಹಕ್ಕಲ್ಲ, ಅಕ್ಷರಕ್ಕೆ. ನಮ್ಮವರು ಪಾತ್ರೆಗೆ ಹೆಸರು ಹಾಕಿಸದೆ ಬಿಟ್ಟವರಲ್ಲ. ಪಾತ್ರೆ ಅಂಗಡಿಯ ಮುಂದೆ ಉಳಿ, ಸುತ್ತಿಗೆ ಹಿಡಿದು ಕೂತಾತ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರಗಳು: ಕೊಟ್ಟವರ ಹೆಸರು, ಪಡೆದವರ ಹೆಸರು, ಕಾರಣ, ತಾರೀಖು. ನಾನು ಶಾಸನಗಳ ಪಾಠ ಹೇಳುವವನು. ಶಾಸನದಲ್ಲಿ ಇರುವುದೂ ಇದೇ ಅಲ್ಲವೆ? ಯಾರು ಕೊಟ್ಟರು, ಯಾರಿಗೆ, ಯಾವ ದಿನ, ಏತಕ್ಕೆ. ರಾಜನ ದಾನ ತಾಮ್ರದ ಹಲಗೆಯ ಮೇಲೆ ‘ಆಚಂದ್ರಾರ್ಕ’ವಾಗಿ ನಿಲ್ಲಲೆಂದು ಬರೆಸಿದ್ದು, ಸೋದರಮಾವನ ದಾನ ಹಿತ್ತಾಳೆಯ ಚೊಂಬಿನ ಮೇಲೆ, ನೆರೆಮನೆಯವರು ಎರವಲು ಒಯ್ದಾಗ ಅದಲುಬದಲಾಗದಿರಲೆಂದು ಬರೆಸಿದ್ದು. ಉದ್ದೇಶದಲ್ಲಿ ಸ್ವಲ್ಪ ವ್ಯತ್ಯಾಸ, ಅಷ್ಟೇ.

ಬಿ. ಎಲ್. ರೈಸ್ ಊರೂರಿನ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಅಚ್ಚು ಮಾಡಿಸಿದ್ದರಿಂದ ನಮ್ಮ ಚರಿತ್ರೆ ಉಳಿಯಿತು. ಆ ಕಲ್ಲುಗಳಲ್ಲಿ ಎಷ್ಟೋ ಊರ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದ್ದವು. ಪಾತ್ರೆಯ ಶಾಸನಗಳನ್ನು ಅಚ್ಚು ಮಾಡಿಸುವ ರೈಸ್ ಯಾರೂ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಆದರೂ 1958ನೆಯ ಇಸವಿಯ ಒಂದು ಪಂಚಪಾತ್ರೆ ನನ್ನ ಮೇಜಿನ ಮೇಲಿದೆ. ಕೊಟ್ಟವಳು ಒಬ್ಬ ತಂಗಿ, ಪಡೆದವಳು ಅಕ್ಕ. ಕಾರಣದ ಜಾಗದಲ್ಲಿ ‘ನೆನಪಿಗೆ’ ಎಂಬ ಒಂದೇ ಮಾತು. ಯಾರ ನೆನಪಿಗೆ, ಯಾವುದರ ನೆನಪಿಗೆ, ಹೇಳುವವರಿಲ್ಲ. ಇಬ್ಬರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಯಾರಾದರೂ ಓದಿ, ಮಾರಿದ್ದಕ್ಕೆ ನೊಂದುಕೊಂಡಾರು.

ಇಷ್ಟೆಲ್ಲ ಉತ್ಸಾಹದ ನಡುವೆ ನಮ್ಮ ತಾಯಿ ಊರಿನಿಂದ ಬಂದರು. ಅವರು ಹುಟ್ಟಿದ್ದು 1950ರಲ್ಲಿ. ನಾನು ಹಣ ಕೊಟ್ಟು ತರುವ ಕಾಲದಲ್ಲಿ ಅವರು ಹಣ ಕೊಡದೆ ಬದುಕಿದ್ದವರು. ಊಟದ ಮನೆಯ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಎನಾಮಲ್ ತಟ್ಟೆಗಳನ್ನು ನೋಡಿ ನಿಂತರು.

“ಏನೋ ಇದು, ತಟ್ಟೆ ತಗೊಂಡು ಗೋಡೆಗೆ ಮೊಳೆ ಹೊಡೆದಿದ್ದೀಯ?”

“ಚೆನ್ನಾಗಿ ಕಾಣುತ್ತಲ್ಲಮ್ಮ.”

“ಕಾಣುತ್ತೆ, ಕಾಣುತ್ತೆ. ಅದರಲ್ಲಿ ಉಂಡವರನ್ನ ಕೇಳು. ಅಂಚು ಕಿತ್ತು ತುಕ್ಕು ಹಿಡಿಯೋದು. ತುಕ್ಕು ಹಿಡಿದ ತಟ್ಟೆ ಯಾರಿಗೆ ಬರ್ತಿತ್ತು ಗೊತ್ತೇನು? ಹೆಣ್ಣುಮಕ್ಕಳಿಗೆ. ಚೆನ್ನಾಗಿರೋದು ಗಂಡಸರಿಗೆ.”

ನಾನು ಹಿತ್ತಾಳೆಯ ಕಡೆ ಮಾತು ತಿರುಗಿಸಿದೆ. ಅದು ಇನ್ನೂ ಅಪಾಯದ ಜಾಗವಾಗಿತ್ತು.

“ಹಿತ್ತಾಳೆಗೆ ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನನ್ನ ಬೆರಳೆಲ್ಲ ಬಿರೀತಿತ್ತು. ಕಲಾಯಿ ಹೋದರೆ ಹುಳಿ ಕಿಲುಬೋದು. ಕಲಾಯಿಯವನು ಬರೋವರೆಗೂ ಸಾರು ಕಾಯಿಸೋ ಹಾಗಿಲ್ಲ. ಸ್ಟೀಲು ಬಂತು ನೋಡು, ಆವತ್ತು ನಮಗೆ ಸ್ವಾತಂತ್ರ್ಯ ಬಂತು ಕಣೋ. ನಲವತ್ತೇಳರದ್ದು ನಿಮ್ಮ ತಾತನಿಗೆ. ನಮಗೆ ಸ್ಟೀಲು ಪಾತ್ರೆ. ಎರಡು ಹಂಡೆ, ಒಂದು ಕೊಳಗ ತೂಕಕ್ಕೆ ಹಾಕಿ ಹನ್ನೆರಡು ಲೋಟ ತಂದೆವು ನಾನೂ ನಿಮ್ಮಜ್ಜೀನೂ. ಆವತ್ತು ರಾತ್ರಿ ನಿಮ್ಮಜ್ಜಿ ಒಂದೊಂದೇ ಲೋಟ ತೆಗೆದು ದೀಪದ ಎದುರು ಹಿಡಿದು ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದೆ.”

ಸ್ಟೀಲಿನ ಲೋಟವನ್ನು ದೀಪಕ್ಕೆ ಹಿಡಿದು ನೋಡಿದ ಮುದುಕಿ; ಆಕೆಯ ಮೊಮ್ಮಗ ನಾನು ಹಿತ್ತಾಳೆಯ ಚೊಂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವವನು. ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ, ಇಬ್ಬರೂ ಎನ್ನುತ್ತೇನೆ. ಆಕೆ ದುಡಿಮೆಯಿಂದ ಬಿಡುಗಡೆ ಹೊಂದಿ ನೋಡಿದಳು. ಆಕೆ ಬಿಡುಗಡೆ ಹೊಂದಿದ್ದರಿಂದ ನಾನು ನೋಡುತ್ತೇನೆ. ಚೊಂಬನ್ನು ತಿಕ್ಕುವ ಕರ್ಮವಿಲ್ಲದವನಿಗೇ ಅದರ ಚೆಲುವು ಕಾಣುವುದು. ಇದು ನಾಚಿಕೆಪಡಬೇಕಾದ ಮಾತಲ್ಲ, ತಿಳಿದಿರಬೇಕಾದ ಮಾತು.

ತಾಯಿಯವರು ಉಳಿದ ಸಾಮಾನನ್ನು ಹೀಗೆಯೇ ಒಂದೊಂದಾಗಿ ತಳ್ಳಿಹಾಕುತ್ತ ಬಂದು, ಕಟ್ಟು ಹಾಕಿಸಿದ್ದ ಮಣಿಯ ಜಿಂಕೆಯ ಮುಂದೆ ಸುಮ್ಮನಾದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಾನು ಅದನ್ನು ತಂದು ಆರು ವರ್ಷವಾಗಿತ್ತು, ದಿನವೂ ನೋಡುತ್ತಿದ್ದೆ. ಕಂದು ಜಿಂಕೆ, ಹಸುರು ಹುಲ್ಲು, ಬಿಳಿಯ ಹಿನ್ನೆಲೆ. ನನಗೆ ಕಂಡದ್ದು ಅಷ್ಟೇ.

“ಪಾಪ, ಇವಳಿಗೆ ಕಂದು ಮಣಿ ಸಾಲದೆ ಬಂದಿದೆ” ಎಂದರು. “ಹಿಂಗಾಲು ನೋಡು, ಕೆಂಪು ಬೆರೆಸಿದ್ದಾಳೆ. ಎದ್ದು ಕಾಣಬಾರದು ಅಂತ ಎರಡಕ್ಕೊಂದು ಹಾಕಿದ್ದಾಳೆ, ಜಾಣೆ.” ಸ್ವಲ್ಪ ಹೊತ್ತು ಬಿಟ್ಟು, “ಇಲ್ಲಿಂದಾಚೆ ಕೈ ಬೇರೆ. ಈ ಕಡೆ ದಾರ ಸಡಿಲ, ಆ ಕಡೆ ಬಿಗಿ. ಶುರು ಮಾಡಿದವಳಿಗೆ ನಡುವೆ ಮದುವೆ ಆಗಿರಬೇಕು. ಉಳಿದದ್ದನ್ನ ತಂಗಿ ಮುಗಿಸಿದ್ದಾಳೆ” ಎಂದರು.

ಹಸ್ತಪ್ರತಿಗಳಲ್ಲಿ ಒಬ್ಬ ಲಿಪಿಕಾರನ ಕೈ ಎಲ್ಲಿ ನಿಂತಿತು, ಇನ್ನೊಬ್ಬನದು ಎಲ್ಲಿ ತೊಡಗಿತು ಎಂದು ಗುರುತಿಸುವುದನ್ನು ನಾವು ಗ್ರಂಥಸಂಪಾದನೆಯ ಪಾಠದಲ್ಲಿ ಹೇಳಿಕೊಡುತ್ತೇವೆ. ಅದಕ್ಕೆ ಎಂ.ಎ. ಬೇಕು ಎಂಬುದು ನಮ್ಮ ನಂಬಿಕೆ. ನಮ್ಮ ತಾಯಿ ಓದಿದ್ದು ಎಸ್ಸೆಸ್ಸೆಲ್ಸಿ. ಆ ಜಿಂಕೆಯನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಅವರೊಬ್ಬರೇ. ಏಕೆಂದರೆ ಅಂಥದೊಂದನ್ನು ಹೆಣೆದವರು ಅವರೊಬ್ಬರೇ. ಮದುವೆ ನಿಶ್ಚಯವಾದಾಗ ಅವರ ಹೆಣಿಗೆಯೂ ಅರ್ಧಕ್ಕೆ ನಿಂತಿತಂತೆ. ಅದನ್ನು ಮುಗಿಸಲು ಅವರಿಗೆ ತಂಗಿ ಇರಲಿಲ್ಲ.

ಅಂದಿನಿಂದ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ. ವಸ್ತುವನ್ನು ಉಳಿಸುವುದು ಕಷ್ಟದ ಕೆಲಸವಲ್ಲ. ಬೇಕಲೈಟು ತಾನಾಗಿಯೇ ಉಳಿಯುತ್ತದೆ. ಚನ್ನಪಟ್ಟಣದ ಹಳೆಯ ಭರಣಿಯನ್ನು ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಈಗಲೂ ಹೊಳೆಯುತ್ತದೆ. ಆಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುವಂತೆ ಮಾಡಿದ ಬಣ್ಣ ಅದು, ಸುಲಭವಾಗಿ ಬಿಡುವುದಿಲ್ಲ. ಬಿಟ್ಟುಹೋಗುವುದು ವಸ್ತುವಿನ ಜೊತೆಯ ಮಾತು. ಷೋಕೇಸಿನ ಗಂಗಾಥಾಲಿಯನ್ನು ಯಾರು ತಂದರು, ಪಂಚಪಾತ್ರೆಯ ‘ನೆನಪಿಗೆ’ ಯಾವುದರ ನೆನಪು, ಜಿಂಕೆಯ ಕಾಲೇಕೆ ಕೆಂಪು. ಅದನ್ನು ಬಲ್ಲವರು ಹೋದ ಮೇಲೆ ವಸ್ತು ಚೆಂದವಾಗಿಯೇ ಇರುತ್ತದೆ, ಮೂಕವಾಗಿ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ. ಹಳೆಯ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಒಂದು ಸಂಗ್ರಹ ಇದ್ದೇ ಇತ್ತು; ಅದಕ್ಕೆ ಸಂಗ್ರಹವೆಂಬ ಹೆಸರಿರಲಿಲ್ಲ, ಅಷ್ಟೇ. ಅದು ನವರಾತ್ರಿಯ ಗೊಂಬೆಗಳ ಪೆಟ್ಟಿಗೆ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ರಾಜ ರಾಣಿಯರು, ಆಮೇಲೆ ವರ್ಷಕ್ಕೊಂದು ಎರಡು ಸೇರಿದ ಮಣ್ಣಿನ ಶೆಟ್ಟರು, ಸೆಲ್ಯುಲಾಯ್ಡಿನ ಬೊಂಬೆ, ಪಿಂಗಾಣಿಯ ಬಾತು. ಮುನ್ನೂರೈವತ್ತು ದಿನ ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ ನಿದ್ರೆ. ಹತ್ತು ದಿನ ಮೆಟ್ಟಿಲ ಮೇಲೆ ದರ್ಬಾರು. ಆ ಹತ್ತು ದಿನ ಬೀದಿಯ ಮಕ್ಕಳೆಲ್ಲ “ಗೊಂಬೆ ಕೂರಿಸಿದ್ದೀರಾ?” ಎಂದು ಕೇಳಿಕೊಂಡು ಒಳಗೆ ಬರುತ್ತಿದ್ದರು. ಟಿಕೆಟ್ಟಿಲ್ಲದ ವಸ್ತುಪ್ರದರ್ಶನ ಅದು. ಹೋಗುವಾಗ ಕೈಗೆ ಚರುಪು ಬೇರೆ. ಅಜ್ಜಿ ಪಕ್ಕದಲ್ಲಿ ಕುಳಿತು, ಈ ರಾಣಿಯ ಮೂಗು ಮುರಿದದ್ದು ನಿಮ್ಮ ದೊಡ್ಡಪ್ಪನಿಂದ, ಈ ಬಾತು ಮದರಾಸಿನಿಂದ ಬಂದದ್ದು, ಎಂದು ಹೇಳುತ್ತಿದ್ದಳು. ಪ್ರತಿವರ್ಷವೂ ಅದೇ ಮಾತು. ನಮಗೆ ಬೇಸರವಾಗುವಷ್ಟು ಹೇಳಿದ್ದರಿಂದಲೇ ಅದು ಈಗಲೂ ನೆನಪಿದೆ. ಗೊಂಬೆಯನ್ನು ಸುತ್ತಿಡುವುದು ಬಟ್ಟೆಯಲ್ಲಿ, ಉಳಿಸುವುದು ಬಾಯಲ್ಲಿ ಎಂಬುದು ಆಕೆಯ ಶಾಸ್ತ್ರ.

ಆದ್ದರಿಂದ ನನ್ನ ಹುಡುಕಾಟ ಈಗ ಸ್ವಲ್ಪ ದಿಕ್ಕು ಬದಲಿಸಿದೆ. ಗುಜರಿಗೆ ಹೋಗುವ ಭಾನುವಾರಗಳು ಕಡಿಮೆಯಾಗಿವೆ. ಎಂಬತ್ತು ದಾಟಿದ ಬಂಧುಗಳ ಮನೆಗೆ ಹೋಗುವ ಭಾನುವಾರಗಳು ಹೆಚ್ಚಿವೆ. ಒಂದೆರಡು ವಸ್ತುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಮೊದಲು ಅವರು ನಗುತ್ತಾರೆ, ಆಮೇಲೆ ಬೈಯುತ್ತಾರೆ, ಕಾಫಿ ಮುಗಿಯುವ ಹೊತ್ತಿಗೆ ಹೇಳತೊಡಗುತ್ತಾರೆ. ಹೇಳಿದ್ದನ್ನು ಚೀಟಿಯಲ್ಲಿ ಬರೆದು ಆ ವಸ್ತುವಿಗೇ ಕಟ್ಟುತ್ತೇನೆ. ತಟ್ಟೆಗಳನ್ನು ಗೋಡೆಯಿಂದ ಇಳಿಸಿಲ್ಲ. ಆದರೆ ಅಂಚು ಕಿತ್ತ ತಟ್ಟೆಯ ಕೆಳಗೆ ಒಂದು ಚೀಟಿ ಇದೆ: ‘ಇದು ಹೆಣ್ಣುಮಕ್ಕಳಿಗೆ ಬರುತ್ತಿತ್ತು.’ ಬಂದ ನೆಂಟರು ಈಗ ಚೆನ್ನಾಗಿದ್ದವುಗಳನ್ನು ಬಿಟ್ಟು ಅದನ್ನೇ ನೋಡುತ್ತಾರೆ.

ಹತ್ತನೆಯ ತರಗತಿಯಲ್ಲಿ ಓದುವ ನಮ್ಮ ಮಗಳು ಮೊನ್ನೆ ಇವನ್ನೆಲ್ಲ ಓದಿ, “ಅಪ್ಪಾ, ನೀನು ಹೋದಮೇಲೆ ಇದನ್ನೆಲ್ಲ ಏನು ಮಾಡೋದು?” ಎಂದು ವ್ಯವಹಾರದ ಪ್ರಶ್ನೆ ಹಾಕಿದಳು. ಆಚಂದ್ರಾರ್ಕವಾಗಿ ಇಡಬೇಕೆಂಬ ಷರತ್ತನ್ನು ನಾನು ಹಾಕಲಿಲ್ಲ. ಅವಳ ಮನೆಯಲ್ಲಿ ಅಟ್ಟವಿರುತ್ತದೆಂದು ಯಾರು ಹೇಳಬಲ್ಲರು? “ಸಾಮಾನು ಕೊಟ್ಟುಬಿಡು, ಮಗೂ. ಚೀಟಿ ಇಟ್ಟುಕೊ” ಎಂದೆ.